ಹತ್ತಿಯ ಧಾರಣೆ ಗೊತ್ತುಮಾಡುವವರು ಯಾರು?

ಹಾರ್ಬರ್ ಮಾರ್ಗದ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವ ನಮ್ಮ ಬಂಧುಗಳಲ್ಲಿ ಕಾಟನ್ ಗ್ರೀನ್ ನಿಲ್ದಾಣವನ್ನು ಕಾಣದವರಿಲ್ಲ. ಹೆಸರೇ ಹೇಳುವಂತೆ ಅದು ಹತ್ತಿಯ ಪೇಟೆ ಇದ್ದ ಜಾಗ. ನಾಡಿನ ನಾನಾ ಕಡೆಗಳಿಂದ ಬಂದ ಅರಳೆಯ ಬೇಲುಗಳು ಅಲ್ಲಿ ಗುಡ್ಡದಂತೆ ಬಿದ್ದಿರುತ್ತಿದ್ದವು. ಪರೇಲ್, ಲಾಲ್‌ಬಾಗ್, ವರಳಿಗಳ ಗಿರಣಿಗಳಲ್ಲಿ ಅರಳೆ ನೂಲಾಗಿ, ನೂಲು ಬಟ್ಟೆಯಾಗಿ ಹೊರಬರುತ್ತಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ತಂದೆ ಊರಿನಲ್ಲಿ ಹತ್ತಿ ಬೆಳೆದವನು, ಮಗ ಇಲ್ಲಿ ಸಾಂಚೆಯ ಮುಂದೆ ನಿಂತವನು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಆ ಲೋಕ ಮೊದಲಿನಂತೆ ಆಗಲೇ ಇಲ್ಲ. ಇಂದು ಭೋಂಗಾ ನಿಂತಿದೆ. ಚಿಮಣಿಗಳಿದ್ದಲ್ಲಿ ಮಾಲುಗಳು ಎದ್ದಿವೆ. ಆದರೂ ಹತ್ತಿಯ ಹೆಸರು ಬಂದರೆ ನಮ್ಮ ಕಿವಿ ಇನ್ನೂ ನಿಮಿರುತ್ತದೆ.

ಆದುದರಿಂದಲೇ ಈ ಸಲ ವಾಚಕರ ಮುಂದೆ ಒಂದು ಪ್ರಶ್ನೆಯನ್ನು ಇಡಬಯಸುತ್ತೇವೆ. ಹತ್ತಿಯ ಧಾರಣೆಯನ್ನು ಗೊತ್ತುಮಾಡುವವರು ಯಾರು? ಊರಿನ ರೈತನನ್ನು ಕೇಳಿದರೆ ದಲಾಲ ಎಂದಾನು. ದಲಾಲನನ್ನು ಕೇಳಿದರೆ ಮುಂಬಯಿ ಎಂದಾನು. ಮುಂಬಯಿಯ ವ್ಯಾಪಾರಿಯನ್ನು ಕೇಳಿದರೆ ನ್ಯೂಯಾರ್ಕ್ ಎಂದಾನು. ಮೂವರ ಮಾತೂ ಸುಳ್ಳಲ್ಲ. ಆದರೆ ಸರಪಳಿಯ ಒಂದು ಮುಖ್ಯ ಕೊಂಡಿ ಇವರಾರ ಕಣ್ಣಿಗೂ ಬೀಳದ ಕಡೆ ಇದೆ. ಧನಿಕ ರಾಷ್ಟ್ರವೊಂದರ ಶಾಸನಸಭೆ ತನ್ನ ರೈತರಿಗಾಗಿ ಮಾಡುವ ಕಾನೂನೇ ಆ ಕೊಂಡಿ. ಆ ಕಾನೂನನ್ನು ಮಾಡುವಾಗ ಬಡ ರಾಷ್ಟ್ರದ ರೈತನನ್ನು ಯಾರೂ ಕೇಳುವುದಿಲ್ಲ. ಅವನಿಗೆ ಅಲ್ಲಿ ಓಟಿಲ್ಲ. ಆದರೆ ಅದರ ಬೆಲೆಯನ್ನು ತೆರುವವರಲ್ಲಿ ಅವನೂ ಒಬ್ಬ.

ದೂರದ ದೇಶದ ಆಗುಹೋಗು ನಮ್ಮ ಹೊಲದ ತನಕ ಬರುವುದು ಹೊಸ ಮಾತಲ್ಲ. 1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಹತ್ತಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಅರಳೆ ಸಿಗದಾಯಿತು. ಅವರ ಕಣ್ಣು ಮುಂಬಯಿಯ ಮೇಲೆ ಬಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು, ಕುಮಟೆಯ ಬಂದರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಬರುತ್ತಿತ್ತು. ಹತ್ತಿ ಬೆಳೆಯದ ಕುಮಟೆಯ ಹೆಸರೇ ಆ ಹತ್ತಿಗೆ ವ್ಯಾಪಾರದಲ್ಲಿ ನಿಂತದ್ದನ್ನು ಕರಾವಳಿಯ ನಮ್ಮ ಬಂಧುಗಳು ಗಮನಿಸಬೇಕು. ನಾಲ್ಕು ವರುಷ ಚಿನ್ನದ ಮಳೆ ಸುರಿಯಿತು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ನೆಲಕ್ಕೆ ಬಿತ್ತು, ಮುಂಬಯಿಯ ಶೇರು ಪೇಟೆ ಕುಸಿಯಿತು. ಸಾಲ ಮಾಡಿ ಬಿತ್ತಿದವನ ಕೈಯಲ್ಲಿ ಸಾಲ ಉಳಿಯಿತು. ಧಾರಣೆ ಏರುವಾಗ ಅವನನ್ನು ಕೇಳಿರಲಿಲ್ಲ, ಇಳಿಯುವಾಗಲೂ ಕೇಳಲಿಲ್ಲ.

ಅಂದು ಧಾರವಾಡದ ರೈತ ನಿಂತಿದ್ದ ಜಾಗದಲ್ಲಿ ನಮ್ಮ ಕಾಲದಲ್ಲಿ ನಿಂತವನು ಪಶ್ಚಿಮ ಆಫ್ರಿಕದ ರೈತ. ಅಲ್ಲಿ ಮಾಲಿ, ಬುರ್ಕಿನಾ ಫಾಸೊ, ಬೆನಿನ್ ಎಂಬ ಮೂರು ದೇಶಗಳಿವೆ. ಅವುಗಳಿಂದ ಮೂಡಲಿಗೆ ಚಾಡ್ ಇದೆ. ಜಗತ್ತಿನ ಅತಿ ಬಡ ರಾಷ್ಟ್ರಗಳ ಪಟ್ಟಿಯಲ್ಲಿ ಇವು ಸೇರಿವೆ. ಹೊರದೇಶಕ್ಕೆ ಮಾರಿ ಹಣ ತರುವ ಸರಕುಗಳಲ್ಲಿ ಹತ್ತಿ ಅವರಿಗೆ ಮುಖ್ಯವಾದುದು. ಪಶ್ಚಿಮ ಮತ್ತು ಮಧ್ಯ ಆಫ್ರಿಕದಲ್ಲಿ ಸುಮಾರು 1 ಕೋಟಿ ಜನರ ಜೀವನ ಹತ್ತಿಯನ್ನು ನೆಚ್ಚಿಕೊಂಡಿದೆ ಎಂದು ಆ ದೇಶಗಳ ಅಧ್ಯಕ್ಷರೇ 2003ರಲ್ಲಿ ಬರೆದಿದ್ದರು.

ಅಲ್ಲಿಯ ಒಕ್ಕಲುತನ ನಮ್ಮ ಬಯಲುಸೀಮೆಯದಕ್ಕಿಂತ ಬಹಳ ಬೇರೆಯದಲ್ಲ. ಕೆಲವು ಎಕರೆ ಭೂಮಿ, ಮಳೆಯೇ ಆಧಾರ, ಎತ್ತಿನ ಉಳುಮೆ. ಹೆಂಗಸರು ಮಕ್ಕಳು ಸೇರಿ ಕೈಯಿಂದಲೇ ಹತ್ತಿ ಬಿಡಿಸುತ್ತಾರೆ. ಹತ್ತಿಯ ಕಂಪನಿ ಬೀಜ ಗೊಬ್ಬರಗಳನ್ನು ಸಾಲವಾಗಿ ಕೊಟ್ಟು, ಹತ್ತಿ ಕೊಳ್ಳುವಾಗ ಆ ಸಾಲವನ್ನು ಮುರಿದುಕೊಳ್ಳುತ್ತದೆ. ಧಾರಣೆ ಬಿದ್ದ ವರ್ಷ ಲೆಕ್ಕ ಚುಕ್ತಾ ಆದ ಮೇಲೆ ರೈತನ ಕೈಗೆ ಏನು ಬಂದೀತು? 2000ದಲ್ಲಿ ಮಾಲಿಯ ರೈತರು ಈ ಬೆಲೆಗೆ ನಾವು ಬಿತ್ತುವುದಿಲ್ಲ ಎಂದು ಹತ್ತಿಯನ್ನು ಬಹಿಷ್ಕರಿಸಿದರು. ಆ ವರ್ಷ ದೇಶದ ಹತ್ತಿಯ ಬೆಳೆ ಸುಮಾರು ಅರ್ಧಕ್ಕೆ ಇಳಿಯಿತು. ಸಾಂಚೆ ನಿಲ್ಲಿಸುವುದು ಕಾರ್ಮಿಕನ ಮುಷ್ಕರವಾದರೆ ಬಿತ್ತದಿರುವುದು ರೈತನ ಮುಷ್ಕರ. ಎರಡರಲ್ಲಿಯೂ ಮೊದಲು ಉಪವಾಸ ಬೀಳುವವರು ಮುಷ್ಕರ ಹೂಡಿದವರ ಮನೆಮಂದಿಯೇ. ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಸಮುದ್ರದ ಆಚೆಯ ದಡವನ್ನು ನೋಡೋಣ. ಅಮೆರಿಕ ತನ್ನ ಹತ್ತಿ ಬೆಳೆಗಾರನಿಗೆ ನೆರವು ಕೊಡತೊಡಗಿದ್ದು ಕೆಟ್ಟ ಉದ್ದೇಶದಿಂದಲ್ಲ. 1930ರ ದಶಕದ ಮಹಾ ಮುಗ್ಗಟ್ಟಿನಲ್ಲಿ ಅಲ್ಲಿಯ ರೈತನೂ ಬೀದಿಗೆ ಬಿದ್ದಿದ್ದ. 1933ರಲ್ಲಿ ಸರಕಾರ ಕಾನೂನು ಮಾಡಿ, ಬೆಳೆದು ನಿಂತ ಹತ್ತಿಯನ್ನೇ ಸುಮಾರು 1 ಕೋಟಿ ಎಕರೆಯಷ್ಟು ಉತ್ತುಹಾಕಿಸಿ, ರೈತರಿಗೆ ಪರಿಹಾರ ಕೊಟ್ಟಿತು. ಅಂದಿನ ನೀತಿ ಬೆಳೆಯನ್ನು ಕಡಿಮೆ ಮಾಡಿ ಬೆಲೆಯನ್ನು ಏರಿಸುವುದಾಗಿತ್ತು. ಕಾಲಕ್ರಮದಲ್ಲಿ ಅದು ಹೆಚ್ಚು ಬೆಳೆದವನಿಗೆ ಹೆಚ್ಚು ಹಣ ಎಂಬ ರೀತಿಗೆ ತಿರುಗಿತು.

ಅದು ನಡೆಯುವ ಬಗೆಯನ್ನು ಸರಳವಾಗಿ ಹೇಳುತ್ತೇವೆ. 2002ರ ಅಮೆರಿಕದ ಕೃಷಿ ಕಾನೂನು ಒಂದು ಪೌಂಡು ಅರಳೆಗೆ 72.4 ಸೆಂಟಿನ ಗುರಿಬೆಲೆಯನ್ನು ಗೊತ್ತುಮಾಡಿತು. ಜಗತ್ತಿನ ಪೇಟೆಯಲ್ಲಿ 2001-02ರ ಸರಾಸರಿ ಧಾರಣೆ ಸುಮಾರು 42 ಸೆಂಟು ಮಾತ್ರ. ನಡುವಣ ಕಂದಕದ ಬಹುಭಾಗವನ್ನು ಬೊಕ್ಕಸ ತುಂಬುತ್ತದೆ. ಹೀಗಿರುವಾಗ ಧಾರಣೆ ಬಿತ್ತೆಂದು ಅಲ್ಲಿಯ ರೈತ ಬಿತ್ತನೆಯನ್ನು ಏಕೆ ಕಡಿಮೆಮಾಡಿಯಾನು? ಅವನು ಬಿತ್ತುತ್ತಾನೆ, ಅರಳೆ ಮಿಗುತ್ತದೆ, ಮಿಕ್ಕದ್ದು ಹಡಗು ಹತ್ತಿ ಜಗತ್ತಿನ ಪೇಟೆಗೆ ಬಂದು ಬೀಳುತ್ತದೆ. ಆ ವರ್ಷಗಳಲ್ಲಿ ಜಗತ್ತಿನ ಅರಳೆ ರಫ್ತಿನಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಅಮೆರಿಕದ್ದಾಗಿತ್ತು. ಇಷ್ಟು ದೊಡ್ಡ ವ್ಯಾಪಾರಿ ನಷ್ಟದ ಭಯವಿಲ್ಲದೆ ಮಾರತೊಡಗಿದರೆ ಧಾರಣೆ ಇನ್ನಷ್ಟು ಕುಸಿಯದೆ ಇದ್ದೀತೆ?

ನಮ್ಮ ಗಲ್ಲಿಯ ಮಾತಿನಲ್ಲಿ ಹೇಳೋಣ. ಒಬ್ಬ ವಿಧವೆ ಚಾಳಿನ ಕೋಣೆಯಲ್ಲಿ ಖಾನಾವಳಿ ನಡೆಸಿ ಮಕ್ಕಳನ್ನು ಸಾಕುತ್ತಿದ್ದಾಳೆ. ಎದುರಿಗೆ ಸಾಹುಕಾರನ ಮಗ ಒಂದು ಖಾನಾವಳಿ ತೆರೆದು, ಅಕ್ಕಿ ಬೇಳೆಯ ಅಸಲೂ ಹುಟ್ಟದ ದರಕ್ಕೆ ಊಟ ಹಾಕುತ್ತಾನೆ. ಅವನ ಅಡಿಗೆ ಹೆಚ್ಚು ರುಚಿಯಲ್ಲ, ಅವನು ಹೆಚ್ಚು ದುಡಿಯುವವನೂ ಅಲ್ಲ. ತಿಂಗಳ ಕೊನೆಗೆ ನಷ್ಟವನ್ನು ತುಂಬಿಕೊಡುವ ತಂದೆ ಅವನಿಗಿದ್ದಾನೆ, ಅಷ್ಟೇ. ಆರು ತಿಂಗಳಲ್ಲಿ ಯಾರ ಬಾಗಿಲು ಮುಚ್ಚೀತು? ಇದನ್ನು ಪೈಪೋಟಿ ಎಂದು ಕರೆಯುವವರಿಗೆ ನಾವು ಏನು ಹೇಳಬೇಕು?

ಪಶ್ಚಿಮ ಆಫ್ರಿಕದ ರೈತ ದುಡಿಮೆಯಲ್ಲಿ ಸೋತವನಲ್ಲ. ಆಕ್ಸ್‌ಫಾಮ್ ಎಂಬ ಸೇವಾಸಂಸ್ಥೆಯ 2002ರ ವರದಿಯ ಪ್ರಕಾರ ಬುರ್ಕಿನಾ ಫಾಸೊದಲ್ಲಿ ಒಂದು ಪೌಂಡು ಅರಳೆಯನ್ನು ಬೆಳೆಯುವ ಖರ್ಚು 21 ಸೆಂಟು. ಅಮೆರಿಕದಲ್ಲಿ 73 ಸೆಂಟು. ಸರಿಯಾದ ಪೈಪೋಟಿಯಾಗಿದ್ದರೆ ಗೆಲ್ಲಬೇಕಾದವನು ಯಾರೆಂಬುದನ್ನು ಶಾಲೆಯ ಹುಡುಗನೂ ಹೇಳಿಯಾನು. ಅದೇ ವರದಿ ಇನ್ನೊಂದು ಲೆಕ್ಕ ಕೊಡುತ್ತದೆ. 2001-02ರಲ್ಲಿ ಅಮೆರಿಕ ತನ್ನ ಸುಮಾರು 25,000 ಹತ್ತಿ ಬೆಳೆಗಾರರಿಗೆ ಕೊಟ್ಟ ಸಹಾಯಧನ 390 ಕೋಟಿ ಡಾಲರು. ತಲೆಗೆ ಹಂಚಿದರೆ ಒಂದೂವರೆ ಲಕ್ಷ ಡಾಲರಿಗೂ ಮಿಕ್ಕಿತು. ಆದರೆ ಅದು ತಲೆಗೆ ಸಮನಾಗಿ ಹಂಚಿಕೆಯಾಗಲಿಲ್ಲ. ನೂರಕ್ಕೆ ಹತ್ತರಷ್ಟಿದ್ದ ದೊಡ್ಡ ಜಮೀನುದಾರರು ಮುಕ್ಕಾಲು ಪಾಲನ್ನು ಪಡೆದರೆಂದು ಅದೇ ವರದಿ ಹೇಳಿತು. ಅಂದರೆ ಸಣ್ಣ ರೈತನ ಹೆಸರಿನಲ್ಲಿ ಹೊರಟ ಹಣ ಅಲ್ಲಿಯೂ ದೊಡ್ಡವನ ಕಣಜವನ್ನೇ ಸೇರಿತು. ಆಫ್ರಿಕದ ಬಡವನೂ ಅಮೆರಿಕದ ಸಣ್ಣ ಒಕ್ಕಲಿಗನೂ ಒಬ್ಬರಿಗೊಬ್ಬರು ವೈರಿಗಳೆಂದು ನಾವು ಎಣಿಸುವುದಿಲ್ಲ.

ಧನಿಕ ರಾಷ್ಟ್ರ ನೆರವನ್ನೂ ಕೊಡುತ್ತದಲ್ಲ ಎಂದು ಕೇಳುವವರಿದ್ದಾರೆ. ಕೊಡುತ್ತಿದ್ದುದು ಹೌದು. 2001ರಲ್ಲಿ ಮಾಲಿಗೆ ಅಮೆರಿಕದಿಂದ ಬಂದ ನೆರವು 3 ಕೋಟಿ 70 ಲಕ್ಷ ಡಾಲರು. ಹತ್ತಿಯ ಧಾರಣೆಯ ಕುಸಿತದಿಂದ ಅದೇ ಮಾಲಿ ಕಳೆದುಕೊಂಡದ್ದು 4 ಕೋಟಿ 30 ಲಕ್ಷ ಡಾಲರು ಎಂದು ಆಕ್ಸ್‌ಫಾಮ್ ಲೆಕ್ಕ ಹಾಕಿತು. ಹಸು ಕೊಂದು ಚಪ್ಪಲಿ ದಾನ ಮಾಡಿದಂತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂತಹುದಕ್ಕೇ. ಈಗ ಆ ಚಪ್ಪಲಿಗೂ ಕುತ್ತು ಬಂದಿದೆ. 2025ರ ಜುಲೈ 1ರಂದು ಯು.ಎಸ್.ಎಯ್ಡ್ ಎಂಬ ಅಮೆರಿಕದ ನೆರವಿನ ಸಂಸ್ಥೆ ಹೊರದೇಶಗಳಲ್ಲಿ ನೆರವು ಹಂಚುವ ಕೆಲಸವನ್ನು ನಿಲ್ಲಿಸಿತು. ಕತ್ತರಿಸಿ ಉಳಿದ ಕಾರ್ಯಕ್ರಮಗಳು ವಿದೇಶಾಂಗ ಇಲಾಖೆಗೆ ಹೋದವು. ಅದೇ ವಾರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನು, ಅಲ್ಲಿಯ ಬೀಜಸಹಿತ ಹತ್ತಿಯ ಆಧಾರಬೆಲೆಯನ್ನು ಪೌಂಡಿಗೆ 36.7 ಸೆಂಟಿನಿಂದ 42 ಸೆಂಟಿಗೆ ಏರಿಸಿತು. ಕೊಡುವ ಕೈ ಹಿಂದೆ ಸರಿಯಿತು, ಕಸಿಯುವ ಕೈ ಇನ್ನಷ್ಟು ಬಲವಾಯಿತು.

ಬಡ ರಾಷ್ಟ್ರಗಳು ಸುಮ್ಮನೆ ಕುಳಿತಿರಲಿಲ್ಲ. 2003ರ ಜೂನ್ 10ರಂದು ಬುರ್ಕಿನಾ ಫಾಸೊದ ಅಧ್ಯಕ್ಷ ಬ್ಲೇಜ್ ಕಂಪಾವೊರೆ ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ನಿಂತು, ನಾಲ್ಕೂ ದೇಶಗಳ ಪರವಾಗಿ ನ್ಯಾಯ ಕೇಳಿದರು. ಮರುತಿಂಗಳು ಅವರೂ ಮಾಲಿಯ ಅಧ್ಯಕ್ಷ ಅಮಾದು ತುಮಾನಿ ತುರೆಯವರೂ ಕೂಡಿ ಅಮೆರಿಕದ ಜನರೇ ಓದುವ ಪತ್ರಿಕೆಯಲ್ಲಿ ಬರೆದರು. ಕಂಪಾವೊರೆ ಪ್ರಜಾಪ್ರಭುತ್ವದ ಆದರ್ಶವೇನೂ ಆಗಿರಲಿಲ್ಲ. 2014ರಲ್ಲಿ ಅವರ ಜನರೇ ಎದ್ದು ಅವರನ್ನು ಇಳಿಸಿದರು. ಆದರೆ ಅವರು ಅಂದು ಎತ್ತಿದ ಪ್ರಶ್ನೆ ಅದರಿಂದ ಸುಳ್ಳಾಗುವುದಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕಾನ್ಕುನ್ ನಗರದಲ್ಲಿ ಮಂತ್ರಿಗಳ ಸಮ್ಮೇಳನ ಸೇರಿತು. ಅಲ್ಲಿ ಸಿದ್ಧವಾದ ಕರಡಿನಲ್ಲಿ ಸಹಾಯಧನವನ್ನು ಎಂದು ನಿಲ್ಲಿಸುವರೆಂಬ ಮಾತಿರಲಿಲ್ಲ. ಹತ್ತಿಯನ್ನು ನೆಚ್ಚಿದ ದೇಶಗಳು ಬೇರೆ ಕಸುಬುಗಳತ್ತಲೂ ತಿರುಗುವಂತೆ ನೆರವಾಗಬೇಕೆಂಬ ಉಪದೇಶವಿತ್ತು. ಸಮ್ಮೇಳನ ಮುರಿದುಬಿತ್ತು. 2005ರಲ್ಲಿ ಹಾಂಗ್‌ಕಾಂಗಿನಲ್ಲಿ, ಹತ್ತಿಯ ರಫ್ತಿಗೆ ಕೊಡುವ ಸಹಾಯಧನವನ್ನು ಧನಿಕ ರಾಷ್ಟ್ರಗಳು ಮರುವರ್ಷವೇ ನಿಲ್ಲಿಸಬೇಕೆಂದು ಒಪ್ಪಿಗೆಯಾಯಿತು. ಅದೊಂದು ಗೆಲುವೇ ಸರಿ. ಆದರೆ ಮನೆಯೊಳಗೆ ಬೆಳೆಗಾರನಿಗೆ ಕೊಡುವ ದೊಡ್ಡ ಗಂಟಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ.

ಬ್ರೆಜಿಲಿನ ಕಥೆಯನ್ನು ಕೇಳಿದರೆ ಲೋಕದ ನ್ಯಾಯ ಹೇಗೆ ನಡೆಯುತ್ತದೆಂಬುದು ಗೊತ್ತಾಗುತ್ತದೆ. ಅದು 2002ರಲ್ಲಿ ಅಮೆರಿಕದ ಹತ್ತಿಯ ಸಹಾಯಧನದ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಹೂಡಿತು. 2004ರಲ್ಲಿ ಗೆದ್ದಿತು, 2005ರಲ್ಲಿ ಮೇಲ್ಮನವಿಯಲ್ಲಿಯೂ ಗೆದ್ದಿತು. ಅಮೆರಿಕ ಕೆಲವನ್ನು ಮಾತ್ರ ತಿದ್ದಿತು. 2009ರಲ್ಲಿ ಬ್ರೆಜಿಲಿಗೆ ಪ್ರತೀಕಾರದ ಸುಂಕ ಹಾಕುವ ಅಧಿಕಾರ ಸಿಕ್ಕಿತು. ಆಗ ಅಮೆರಿಕ 2010ರಲ್ಲಿ ಒಂದು ಒಪ್ಪಂದ ಮಾಡಿಕೊಂಡು, ಬ್ರೆಜಿಲಿನ ಹತ್ತಿ ಬೆಳೆಗಾರರ ನಿಧಿಗೆ ವರ್ಷಕ್ಕೆ 14 ಕೋಟಿ 73 ಲಕ್ಷ ಡಾಲರು ಕೊಡತೊಡಗಿತು. ನಡುವೆ ಅದನ್ನೂ ನಿಲ್ಲಿಸಿ, 2014ರಲ್ಲಿ 30 ಕೋಟಿ ಡಾಲರು ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಂಡಿತು. ಅಂದರೆ ತಪ್ಪನ್ನು ಪೂರಾ ತಿದ್ದುವ ಬದಲು ತನ್ನ ರೈತರ ಜೊತೆಗೆ ಬ್ರೆಜಿಲಿನ ರೈತರಿಗೂ ಹಣ ಕೊಟ್ಟು ಕಾಲ ತಳ್ಳಿತು. ಬೆನಿನ್ ಮತ್ತು ಚಾಡ್ ಆ ವ್ಯಾಜ್ಯದಲ್ಲಿ ಮೂರನೆಯ ಪಕ್ಷವಾಗಿ ಕುಳಿತಿದ್ದವು. ಆ ಒಪ್ಪಂದದ ನಗದು ಅವರ ಕೈಗೆ ಬರಲಿಲ್ಲ. ಬ್ರೆಜಿಲಿಗೆ ಪ್ರತಿಸುಂಕ ಹಾಕುವ ಬಲವಿತ್ತು, ಚಾಡಿಗೆ ಆ ಬಲವಿರಲಿಲ್ಲ. ತೀರ್ಪು ಎಲ್ಲರಿಗೂ ಒಂದೇ ಆದರೂ ವಸೂಲಿ ಬಲವಿದ್ದವನಿಗೆ ಮಾತ್ರ. ಸಂಘವಿಲ್ಲದ ಕಾರ್ಮಿಕನಿಗೆ ಕಾನೂನಿನ ಪುಸ್ತಕದಲ್ಲಿರುವ ಹಕ್ಕು ಹೇಗೋ ಇದೂ ಹಾಗೆಯೇ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಹತ್ತಿಯ ಧಾರಣೆ ಬೀಳಲು ಅಮೆರಿಕವೊಂದೇ ಕಾರಣವಲ್ಲ. ಪಾಲಿಯೆಸ್ಟರ್ ಇದೆ, ಚೀನಾದ ದಾಸ್ತಾನು ಇದೆ, ಆಯಾ ದೇಶದ ಹತ್ತಿ ಕಂಪನಿಗಳ ಅವ್ಯವಸ್ಥೆಯೂ ಇದೆ. ಅಮೆರಿಕದ ಸಹಾಯಧನ ತೊಲಗಿದರೆ ಜಗತ್ತಿನ ಧಾರಣೆ ನೂರಕ್ಕೆ 6ರಿಂದ 14ರಷ್ಟು ಏರೀತೆಂದು ಆಕ್ಸ್‌ಫಾಮಿಗಾಗಿ ಅರ್ಥಶಾಸ್ತ್ರಜ್ಞರು 2007ರಲ್ಲಿ ಮಾಡಿದ ಅಧ್ಯಯನ ಹೇಳಿತು. ಅಷ್ಟೇಯೇ ಎಂದು ಕೇಳಬಹುದು. ಪಗಾರದಲ್ಲಿ ನೂರಕ್ಕೆ ಹತ್ತು ಕಡಿತವಾದರೆ ಮನೆಯಲ್ಲಿ ಏನಾಗುತ್ತದೆಂಬುದನ್ನು ಬಲ್ಲ ನಮ್ಮ ವಾಚಕರು ಹಾಗೆ ಕೇಳಲಾರರು. ಆ ಹತ್ತರಲ್ಲಿಯೇ ಮಗುವಿನ ಶಾಲೆ ಇರುತ್ತದೆ, ಮುದುಕಿಯ ಔಷಧಿ ಇರುತ್ತದೆ.

ಇನ್ನು ನಮ್ಮ ದೇಶದ ಮಾತು. ಪರರಿಗೆ ಆಚಾರ ಹೇಳಿ ತಾನು ಬದನೆಕಾಯಿ ತಿನ್ನುವುದು ಸಲ್ಲದು. ಜಗತ್ತಿನ ಅಕ್ಕಿಯ ವ್ಯಾಪಾರದಲ್ಲಿ ಸುಮಾರು ನೂರಕ್ಕೆ 40 ಪಾಲು ನಮ್ಮದು. ಅಕ್ಕಿಯ ಮಟ್ಟಿಗೆ ನಾವೇ ಧನಿಕ ರಾಷ್ಟ್ರ. 2023ರ ಜುಲೈ 20ರಂದು ನಮ್ಮ ಸರಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. ಇಲ್ಲಿ ಬೆಲೆ ಏರದಿರಲಿ ಎಂಬುದೇ ಉದ್ದೇಶ. ಆ ಉದ್ದೇಶವನ್ನು ನಾವು ಹಳಿಯಲಾರೆವು. ಆದರೆ ನಮ್ಮ ಅಕ್ಕಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಮೇಲೆ ಹೇಳಿದ ಬೆನಿನ್ ಕೂಡ ಒಂದು. ಕೇಳಿದ ಕೆಲವು ದೇಶಗಳಿಗೆ ಸರಕಾರದಿಂದ ಸರಕಾರಕ್ಕೆ ಅಕ್ಕಿ ಕೊಟ್ಟದ್ದು ನಿಜ. ಆ ನಿಷೇಧ 2024ರ ಸೆಪ್ಟೆಂಬರಿನಲ್ಲಿ ತೆರವಾದುದೂ ನಿಜ. ಆದರೂ ದೆಹಲಿಯಲ್ಲಿ ಒಂದು ಸಂಜೆ ಹೊರಟ ಆಜ್ಞೆಯಿಂದ ಆಫ್ರಿಕದ ಒಲೆಯ ಮೇಲೆ ಏನಾದೀತು ಎಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದೆವು? ವಾಷಿಂಗ್ಟನ್ನಿನವರ ಮರೆವೂ ಇಂತಹುದೇ ಮರೆವು.

ನಮ್ಮ ಮೇಲೆ ಬಿದ್ದ ಪೆಟ್ಟಿನಿಂದಲೂ ಪಾಠ ಕಲಿಯಬೇಕು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಬಹುಭಾಗಕ್ಕೆ ನೂರಕ್ಕೆ 50ರ ಸುಂಕ ಹಾಕಿತು. ತಿರುಪ್ಪೂರಿನಂತಹ ಊರುಗಳ ಹೊಲಿಗೆ ಕಾರ್ಮಿಕರ ಎದೆ ನಡುಗಿತು. ಅದಕ್ಕೆ ಎಂಟು ದಿನ ಮೊದಲು ನಮ್ಮ ಸರಕಾರ ಹೊರದೇಶದ ಅರಳೆಯ ಮೇಲಿದ್ದ ನೂರಕ್ಕೆ 11ರ ಸುಂಕವನ್ನು ಸೆಪ್ಟೆಂಬರ್ ಕೊನೆಯವರೆಗೆ ತೆಗೆದುಹಾಕಿತು; ಬಳಿಕ ಅದನ್ನು ಡಿಸೆಂಬರ್ 31ರ ತನಕ ಮುಂದುವರಿಸಿತು. ಗಿರಣಿಗಳಿಗೆ ಅರಳೆ ಅಗ್ಗವಾಗಲಿ, ಕೆಲಸ ಉಳಿಯಲಿ ಎಂಬುದು ಅದರ ತರ್ಕ. ಆದರೆ ನಮ್ಮ ರೈತ ಹೊಸ ಹತ್ತಿಯನ್ನು ಪೇಟೆಗೆ ತರುವ ತಿಂಗಳುಗಳೂ ಅವೇ. ಧನಿಕ ರಾಷ್ಟ್ರ ಕೊಟ್ಟ ಪೆಟ್ಟು ಒಂದು. ಅದನ್ನು ಹಂಚಿಕೊಳ್ಳಬೇಕಾದವರು ಹೊಲಿಗೆಯ ಹೆಂಗಸು ಮತ್ತು ಹತ್ತಿಯ ರೈತ. ಇವರಲ್ಲಿ ಒಬ್ಬರನ್ನು ಉಳಿಸಲು ಇನ್ನೊಬ್ಬರನ್ನು ತಳ್ಳಬೇಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಅವರಿಬ್ಬರೂ ನಮ್ಮ ಮನೆಯವರೇ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಧನಿಕ ರಾಷ್ಟ್ರ ತನ್ನ ರೈತನನ್ನು ಸಾಕಬಾರದೆಂದು ನಾವು ಹೇಳುವುದಿಲ್ಲ. ಸಾಕಲಿ, ಆದರೆ ಕಷ್ಟದಲ್ಲಿರುವ ಕುಟುಂಬವನ್ನು ನೋಡಿ ಹಣ ಕೊಡಲಿ. ಬೇಲುಗಳನ್ನು ಎಣಿಸಿ ಕೊಡುವುದನ್ನು ನಿಲ್ಲಿಸಲಿ. ಎರಡನೆಯದಾಗಿ, ಇಂತಹ ವ್ಯಾಜ್ಯದಲ್ಲಿ ಬ್ರೆಜಿಲಿಗೆ ಪರಿಹಾರ ಸಲ್ಲುವುದಾದರೆ ಅದೇ ನಷ್ಟವುಂಟಾದ ಬಡ ದೇಶಗಳಿಗೂ ಸಲ್ಲುವಂತೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳು ಬದಲಾಗಲಿ. ಮೂರನೆಯದಾಗಿ, ನಮ್ಮ ಸರಕಾರ ಜಿನೀವಾದಲ್ಲಿ ಈ ನಾಲ್ಕು ದೇಶಗಳ ಬೆನ್ನಿಗೆ ನಿಲ್ಲಲಿ. ತಾನು ರಫ್ತು ನಿಲ್ಲಿಸುವ ಪ್ರಸಂಗ ಬಂದರೆ ಮುಂಚಿತವಾಗಿ ತಿಳಿಸಿ, ನಮ್ಮನ್ನೇ ನೆಚ್ಚಿದ ಬಡವರ ಪಾಲನ್ನು ತೆಗೆದಿರಿಸಲಿ. ನಾಲ್ಕನೆಯದು ನಮ್ಮಂತಹ ಸಂಘಗಳಿಗೆ ಸೇರಿದ್ದು. ಹತ್ತಿಯ ಧಾರಣೆ ಬಿದ್ದರೆ ಅದು ರೈತರ ಗೋಳೆಂದೂ, ಗಿರಣಿ ನಿಂತರೆ ಅದು ಕಾರ್ಮಿಕರ ಗೋಳೆಂದೂ ಬೇರೆ ಬೇರೆ ಸಭೆ ಕೂಡುವುದನ್ನು ಬಿಟ್ಟು ಒಂದೇ ಸಭೆ ಕೂಡೋಣ.

ಆ ನಾಲ್ಕು ದೇಶಗಳ ಪ್ರಯತ್ನದಿಂದ 2019ರ ಅಕ್ಟೋಬರ್ 7ರಂದು ಜಿನೀವಾದಲ್ಲಿ ಮೊದಲ ವಿಶ್ವ ಹತ್ತಿ ದಿನವನ್ನು ಆಚರಿಸಿದರು. ಅಂದಿನಿಂದ ವರ್ಷವೂ ಅದು ಬರುತ್ತಿದೆ. ಬರುವ ಅಕ್ಟೋಬರ್ 7ರ ಸಂಜೆ ನಮ್ಮ ಸಂಘದ ಕೋಣೆಯಲ್ಲಿ, ಗಿರಣಿಯಲ್ಲಿ ದುಡಿದ ಹಿರಿಯರನ್ನೂ ಊರಿನಲ್ಲಿ ಇನ್ನೂ ಹತ್ತಿ ಬೆಳೆಯುತ್ತಿರುವ ಮನೆಗಳ ತರುಣರನ್ನೂ ಕೂಡಿಸಿ ಈ ವಿಷಯವನ್ನು ಚರ್ಚಿಸಬೇಕೆಂದು ನಾವು ಸೂಚಿಸುತ್ತೇವೆ. ನಮ್ಮ ಸಭೆಯಿಂದ ವಾಷಿಂಗ್ಟನ್ನಿನ ಕಾನೂನು ಬದಲಾಗದು, ಅದು ನಮಗೂ ಗೊತ್ತು. ಆದರೆ ಧಾರಣೆ ಬೀಳುವುದು ದೇವರ ಆಟವೆಂದು ಕೈಕಟ್ಟಿ ಕೂರುವುದು ಬೇರೆ, ಮನುಷ್ಯರೇ ಮಾಡಿದ ಕಾನೂನಿನ ಪಾಲು ಅದರಲ್ಲಿದೆಯೆಂದು ತಿಳಿಯುವುದು ಬೇರೆ. ಮನುಷ್ಯರು ಮಾಡಿದ್ದನ್ನು ಮನುಷ್ಯರು ತಿದ್ದಬಹುದು.